ವಾರದ ಕಂತು, ವರ್ಷದ ಬೆಳೆ: ಚಂದ್ರಶೇಖರ್ ಘೋಷ್ ಕಟ್ಟಿದ ಬ್ಯಾಂಕಿನಿಂದ ಮಲೆನಾಡು ತಿಳಿಯಬೇಕಾದ್ದು

2025ರ ಜನವರಿಯಲ್ಲಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮುಖ್ಯಮಂತ್ರಿಗೆ ಅಂಚೆಯಲ್ಲಿ ಮಾಂಗಲ್ಯ ಕಳಿಸಿದರು. ಮೈಕ್ರೋ ಫೈನಾನ್ಸ್ ವಸೂಲಿಯವರ ಕಾಟ ತಡೆಯೋಕೆ ಆಗ್ತಿಲ್ಲ, ನಮ್ಮ ಮಾಂಗಲ್ಯ ಉಳಿಸಿಕೊಡಿ ಎಂದು ಕೇಳಿಕೊಂಡಿದ್ದರು. ಅದೇ ಹೊತ್ತಿಗೆ ಮೈಸೂರು, ಚಾಮರಾಜನಗರದ ಕಡೆಯಿಂದ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಬರುತ್ತಿತ್ತು. ಸರ್ಕಾರ ತರಾತುರಿಯಲ್ಲಿ ಸುಗ್ರೀವಾಜ್ಞೆ ಸಿದ್ಧ ಮಾಡಿತು. ಶಿಕ್ಷೆ ಅತಿಯಾಯಿತು ಎಂದು ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿದರು. ಮತ್ತೆ ಹೋಯಿತು, ಫೆಬ್ರವರಿ 12ರಂದು ಜಾರಿಗೆ ಬಂತು. ವಸೂಲಿಗಾಗಿ ಪೀಡಿಸಿದರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ.

ಆವತ್ತಿನಿಂದ ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಈ ವಿಷಯ ಬಂದಾಗಲೆಲ್ಲ ಎರಡು ಮಾತು ಕೇಳಿಸುತ್ತವೆ. ಸಾಲ ಕೊಡುವವರೆಲ್ಲ ರಕ್ತ ಹೀರುವವರು ಎಂಬುದು ಒಂದು. ಸಾಲ ತೆಗೆದುಕೊಂಡ ಮೇಲೆ ಕಟ್ಟಬೇಕಪ್ಪ, ಅಳೋದು ಯಾಕೆ ಎಂಬುದು ಇನ್ನೊಂದು. ಈ ಎರಡೂ ಮಾತು ನನಗೆ ಸಾಲುವುದಿಲ್ಲ. ಈ ವ್ಯವಹಾರ ಹೇಗೆ ಹುಟ್ಟಿತು, ಎಲ್ಲಿ ಸರಿಯಾಗಿ ನಡೆಯಿತು, ಎಲ್ಲಿ ಎಡವಿತು ಎಂದು ನೋಡದೆ ಸುಮ್ನೆ ಬೈದು ಪ್ರಯೋಜನವಿಲ್ಲ. ಅದನ್ನು ನೋಡೋಕೆ ಒಬ್ಬ ಮನುಷ್ಯನ ಬದುಕು ತುಂಬಾ ಸಹಾಯ ಮಾಡುತ್ತದೆ. ಅವರೇ ಬಂಧನ್ ಬ್ಯಾಂಕ್ ಕಟ್ಟಿದ ಚಂದ್ರಶೇಖರ್ ಘೋಷ್. ಅವರು ಕೆಲಸ ಮಾಡಿದ್ದು ಹೆಚ್ಚಾಗಿ ಬಂಗಾಳ, ಅಸ್ಸಾಂ, ಬಿಹಾರದ ಕಡೆ. ಮೇಲೆ ಹೇಳಿದ ಹಾವೇರಿಯ ಗೋಳಿಗೂ ಅವರಿಗೂ ನಾನು ನಂಟು ಹಾಕುತ್ತಿಲ್ಲ. ಆದರೆ ಬಡ ಹೆಂಗಸಿಗೆ ಅಡವಿಲ್ಲದೆ ಸಾಲ ಕೊಟ್ಟು, ವಾರವಾರ ವಸೂಲು ಮಾಡಿ, ಅದರಿಂದಲೇ ಒಂದು ಪೂರ್ತಿ ಬ್ಯಾಂಕ್ ಕಟ್ಟಬಹುದು ಎಂದು ಈ ದೇಶಕ್ಕೆ ತೋರಿಸಿದವರು ಅವರು.

ಮಿಠಾಯಿ ಅಂಗಡಿಯ ಹುಡುಗ

ಘೋಷ್ ಹುಟ್ಟಿದ್ದು 1960ರಲ್ಲಿ, ತ್ರಿಪುರಾದ ಅಗರ್ತಲಾದಲ್ಲಿ. ಅಪ್ಪನದು ಚಿಕ್ಕ ಮಿಠಾಯಿ ಅಂಗಡಿ. ಆರು ಮಕ್ಕಳಲ್ಲಿ ಇವರೇ ದೊಡ್ಡವರು. ಢಾಕಾ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದರು. ಖರ್ಚಿಗೆ ಮಕ್ಕಳಿಗೆ ಪಾಠ ಹೇಳುತ್ತಿದ್ದರು, ಉಳಿದುಕೊಂಡಿದ್ದು ಆಶ್ರಮವೊಂದರಲ್ಲಿ. ಮೊದಲ ಸಂಪಾದನೆಯಲ್ಲಿ ಅಪ್ಪನಿಗೆ ಅಂಗಿ ತಂದುಕೊಟ್ಟಾಗ, ನಿನ್ನ ಚಿಕ್ಕಪ್ಪನಿಗೆ ಇದರ ಅವಶ್ಯಕತೆ ಜಾಸ್ತಿ, ಅವನಿಗೆ ಕೊಡು ಎಂದರಂತೆ ಅಪ್ಪ.

ಓದು ಮುಗಿದ ಮೇಲೆ, 1985ರಲ್ಲಿ, ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ ಸೇರಿದರು. ಹಳ್ಳಿಗಳಲ್ಲಿ ಬಡವರ ನಡುವೆ ಕೆಲಸ ಮಾಡುವ ದೊಡ್ಡ ಸಂಸ್ಥೆ ಅದು. ಮನೆಯಿಂದ ಹೊರಗೆ ಬರದ ಹೆಂಗಸು ಕೈಗೆ ನಾಲ್ಕು ಕಾಸು ಬಂದ ಕೂಡಲೇ ಮನೆಯಲ್ಲಿ ಮಾತಾಡಲು ಶುರು ಮಾಡುತ್ತಾಳೆ ಎಂಬುದನ್ನು ಅವರು ಹತ್ತಿರದಿಂದ ಕಂಡದ್ದು ಅಲ್ಲೇ. 1997ರಲ್ಲಿ ಕೋಲ್ಕತ್ತಾಗೆ ವಾಪಸ್ ಬಂದು ಮತ್ತೆ ಸೇವಾಸಂಸ್ಥೆಯ ಕೆಲಸದಲ್ಲೇ ಇದ್ದರು. 2001ರಲ್ಲಿ ಅದನ್ನು ಬಿಟ್ಟರು. ಆಗ ನಲವತ್ತು ದಾಟಿತ್ತು. ಸಂಸಾರಸ್ಥರು. ಇಂಥ ವಯಸ್ಸಿನಲ್ಲಿ ತಿಂಗಳ ಸಂಬಳ ಬಿಡುವುದು ಹುಡುಗಾಟವಲ್ಲ. ಹತ್ತಿರದ ನೆಂಟರಿಂದ 2 ಲಕ್ಷ ರೂಪಾಯಿ ಹೊಂದಿಸಿಕೊಂಡು ಬಂಧನ್ ಶುರು ಮಾಡಿದರು. ಬ್ಯಾಂಕಿನವರು ಒಳಗೆ ಬಿಟ್ಟುಕೊಳ್ಳಲಿಲ್ಲ. ಅಡವಿಡೋಕೆ ಏನೂ ಇಲ್ಲದವರಿಗೆ ಸಾಲ ಕೊಡುವ ಸಂಸ್ಥೆಗೆ ಯಾರು ಸಾಲ ಕೊಡುತ್ತಾರೆ? ಕೊನೆಗೆ ಸಣ್ಣ ಉದ್ದಿಮೆಗಳಿಗೆಂದೇ ಇರುವ ಸರ್ಕಾರಿ ಬ್ಯಾಂಕ್ ಸಿಡ್ಬಿ ಕೈ ಹಿಡಿಯಿತು. ಹೌರಾ ಜಿಲ್ಲೆಯ ಬಾಗ್ನಾನ್, ಹೂಗ್ಲಿ ಜಿಲ್ಲೆಯ ಕೊನ್ನಗರದಂಥ ಊರುಗಳಲ್ಲಿ ಕೆಲಸ ಆರಂಭವಾಯಿತು.

ಅಲ್ಲಿಂದ ಮುಂದಿನದು ನಿಜಕ್ಕೂ ಅಚ್ಚರಿಯ ಓಟ. 2007ರಲ್ಲಿ ಫೋರ್ಬ್ಸ್ ಪತ್ರಿಕೆ ಪ್ರಪಂಚದ 50 ಕಿರುಸಾಲ (ಮೈಕ್ರೋ ಫೈನಾನ್ಸ್) ಸಂಸ್ಥೆಗಳ ಪಟ್ಟಿ ಮಾಡಿದಾಗ ಬಂಧನ್ ಎರಡನೆಯದಾಗಿತ್ತು. 2013ರಲ್ಲಿ ರಿಸರ್ವ್ ಬ್ಯಾಂಕ್ ಹೊಸ ಬ್ಯಾಂಕುಗಳಿಗೆ ಅರ್ಜಿ ಕರೆದಾಗ ರಿಲಯನ್ಸ್, ಬಿರ್ಲಾ, ಬಜಾಜ್‌ನಂಥ ಮನೆತನದವರೂ ಸಾಲಿನಲ್ಲಿ ನಿಂತರು. 2014ರ ಏಪ್ರಿಲ್‌ನಲ್ಲಿ ಪರವಾನಗಿಗೆ ಒಪ್ಪಿಗೆ ಸಿಕ್ಕಿದ್ದು ಇಬ್ಬರಿಗೆ ಮಾತ್ರ. ಒಂದು ಐಡಿಎಫ್‌ಸಿ, ಇನ್ನೊಂದು ಬಂಧನ್. 2015ರ ಆಗಸ್ಟ್ 23ರಂದು 501 ಶಾಖೆಗಳೊಂದಿಗೆ ಬಂಧನ್ ಬ್ಯಾಂಕ್ ಬಾಗಿಲು ತೆರೆಯಿತು. 2018ರ ಮಾರ್ಚ್‌ನಲ್ಲಿ 375 ರೂಪಾಯಿಯಂತೆ ಷೇರು ಮಾರಿ, 4,400 ಕೋಟಿಗೂ ಮೇಲೆ ಹಣ ಎತ್ತಿತು.

ಸ್ವಂತ ಬಲದಿಂದ ಮೇಲೆ ಬಂದವರು ಎಂದು ಘೋಷ್ ಅವರನ್ನು ಹೊಗಳುತ್ತಾರೆ. ಹೊಗಳಿಕೆಗೆ ಅವರು ಅರ್ಹರೇ. ಆದರೂ ಒಂದು ಮಾತು ಸೇರಿಸಬೇಕು. ಈ ಬ್ಯಾಂಕಿನ ಬುನಾದಿ ಎಂದರೆ ವಾರವಾರವೂ ತಪ್ಪದೆ ಬಂದು ನೂರು, ಇನ್ನೂರು ರೂಪಾಯಿ ಎಣಿಸಿಕೊಟ್ಟ ಲಕ್ಷಾಂತರ ಹೆಂಗಸರ ನಾಲಿಗೆ. ಕೊಟ್ಟ ಮಾತಿಗೆ ಅವರು ತಪ್ಪಿದ್ದರೆ ಯಾವ ರಿಸರ್ವ್ ಬ್ಯಾಂಕೂ ಪರವಾನಗಿ ಕೊಡುತ್ತಿರಲಿಲ್ಲ.

ಲೆಕ್ಕ ನಡೆಯುವುದು ಹೀಗೆ

ಘೋಷ್ ಕಂಡುಕೊಂಡದ್ದು ಏನು? ತರಕಾರಿ ಮಾರುವವಳು ಬೆಳಗ್ಗೆ 500 ರೂಪಾಯಿ ಕೈಸಾಲ ತಂದು ಸಂಜೆ 505 ವಾಪಸ್ ಕೊಡುತ್ತಾಳೆ ಎಂದುಕೊಳ್ಳಿ. ಅವಳಿಗೆ ಅದು ಐದೇ ರೂಪಾಯಿ. ವರ್ಷದ ಲೆಕ್ಕ ಹಾಕಿದರೆ ಬಡ್ಡಿ ನೂರಕ್ಕೆ 365. ಇಷ್ಟು ಬಡ್ಡಿ ಕೊಟ್ಟೂ ಅವಳ ವ್ಯಾಪಾರ ನಡೆಯುತ್ತದೆ ಎಂದರೆ, ನೂರಕ್ಕೆ 24ರಂತೆ ಕೊಟ್ಟರೆ ಅವಳಿಗೂ ಉಳಿಯುತ್ತದೆ, ಕೊಟ್ಟವನಿಗೂ ಉಳಿಯುತ್ತದೆ. ಸಂಖ್ಯಾಶಾಸ್ತ್ರ ಓದಿದವರಿಗೆ ಈ ಲೆಕ್ಕ ಹೊಳೆಯುವುದು ಕಷ್ಟವಲ್ಲ. ಹೊಳೆದ ಲೆಕ್ಕವನ್ನು ನಂಬಿ ಬೀದಿಗಿಳಿಯುವುದು ಕಷ್ಟ.

ನೂರಕ್ಕೆ 24 ಯಾಕೆ, ಬ್ಯಾಂಕಿನವರು ಚಿನ್ನದ ಸಾಲಕ್ಕೆ 9-10 ಮಾತ್ರ ತಗೋತಾರಲ್ಲ ಎಂದು ಕೇಳುವವರಿದ್ದಾರೆ. ಚಿನ್ನಕ್ಕೆ ಅಡವಿದೆ. ಸಾಲ ಪಡೆದವರೇ ಶಾಖೆಗೆ ಬಂದು ಕಟ್ಟುತ್ತಾರೆ. ಇಲ್ಲಿ ಹಾಗಲ್ಲ. ಹುಡುಗನೊಬ್ಬ ಬೈಕ್ ಹತ್ತಿ ಹತ್ತಾರು ಕಿಲೋಮೀಟರ್ ಹೋಗಿ ಕಂತು ತರಬೇಕು. 5 ಲಕ್ಷದ ಸಾಲಕ್ಕೆ ಆಗುವ ಓಡಾಟವೇ 30 ಸಾವಿರದ ಸಾಲಕ್ಕೂ ಆಗುತ್ತದೆ, ಕೆಲವೊಮ್ಮೆ ಹೆಚ್ಚೂ ಆಗುತ್ತದೆ. ಜೊತೆಗೆ ಈ ಸಂಸ್ಥೆಗಳಿಗೆ ಜನರಿಂದ ಠೇವಣಿ ಪಡೆಯುವ ಹಕ್ಕಿಲ್ಲ. ಬ್ಯಾಂಕಿನಿಂದ ಸಾಲ ತಂದು ಸಾಲ ಕೊಡಬೇಕು. ಅಲ್ಲೇ ಒಂದು ಬಡ್ಡಿ ಹೋಯಿತು. ಅದರ ಮೇಲೆ ಸಂಬಳ, ಪೆಟ್ರೋಲು, ಮುಳುಗುವ ಸಾಲದ ಪಾಲು, ಆಮೇಲೆ ಲಾಭ. ಬಂಧನ್‌ಗೆ ಬ್ಯಾಂಕ್ ಪರವಾನಗಿ ಸಿಕ್ಕಿ ಅಗ್ಗದ ಠೇವಣಿ ಬರತೊಡಗಿದ ಮೇಲೆ ಅದರ ಕಿರುಸಾಲದ ಬಡ್ಡಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು, 2019ರ ಹೊತ್ತಿಗೆ ನೂರಕ್ಕೆ 18ರ ಆಸುಪಾಸಿಗೆ ಬಂತು. ಠೇವಣಿಗೂ ಬಡ್ಡಿಗೂ ಎಷ್ಟು ನೇರ ನಂಟಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆ ಪುರಾವೆ ಬೇಡ.

ಈಗ ಒಂದು ಸಾಲದ ಕಾರ್ಡ್ ಕೈಯಲ್ಲಿ ಹಿಡಿದು ನೋಡೋಣ. 50,000 ರೂಪಾಯಿ, 2 ವರ್ಷ, ಇಳಿಯುವ ಅಸಲಿನ ಮೇಲೆ ನೂರಕ್ಕೆ 24 ಬಡ್ಡಿ. ವಾರದ ಕಂತು ಸುಮಾರು 606 ರೂಪಾಯಿ ಬರುತ್ತದೆ. 104 ಕಂತು ಕಟ್ಟಿ ಮುಗಿಸುವ ಹೊತ್ತಿಗೆ 63,000 ರೂಪಾಯಿ ದಾಟಿರುತ್ತದೆ. ಇದು ಒಂದೇ ಸಂಸ್ಥೆಯ ಸಾಲ. ಮೂರು ಕಡೆ ತೆಗೆದುಕೊಂಡಿದ್ದರೆ ವಾರಕ್ಕೆ 1,800ರ ಮೇಲಾಯಿತು. ಗೃಹಲಕ್ಷ್ಮಿಯ 2,000 ರೂಪಾಯಿ ತಿಂಗಳಿಗೆ ಬರುವ ಹಣ. ಇದು ವಾರಕ್ಕೆ ಹೋಗುವ ಹಣ.

ಸಭೆಯ ದಿನ ಬೆಳಗ್ಗೆ ಯಾರದೋ ಮನೆಯ ಜಗಲಿಯಲ್ಲಿ ಹೆಂಗಸರು ಸಾಲಾಗಿ ಕೂರುತ್ತಾರೆ. ಗುಂಪಿನ ಪ್ರಕಾರ ಹಾಜರಿ. ಕಾರ್ಡಿನಲ್ಲಿ ಒಂದು ಕಡೆ ಕಟ್ಟಿದ್ದು, ಇನ್ನೊಂದು ಕಡೆ ಬಾಕಿ, ಕೊನೆಗೆ ಸಹಿ. ಯಾರಾದರೂ ಬಂದಿಲ್ಲ ಎಂದರೆ ಹುಡುಗ ಎದ್ದು ಹೋಗುವುದಿಲ್ಲ. ಅವನಿಗೆ ಇನ್ನೂ ನಾಲ್ಕು ಕಡೆ ಸಭೆ ಇದೆ. ಆದರೂ ಕೂತೇ ಇರುತ್ತಾನೆ. ಉಳಿದವರಿಗೆ ಗದ್ದೆ ಕೆಲಸಕ್ಕೆ ಹೊತ್ತಾಗುತ್ತದೆ. ‘ಎಲ್ಲಿ ಅವಳು, ಫೋನ್ ಮಾಡೇ’ ಎಂದು ಪಕ್ಕದ ಮನೆಯವಳೇ ಶುರು ಮಾಡುತ್ತಾಳೆ. ಸಂಸ್ಥೆ ಬಾಯಿ ಬಿಡಬೇಕಾಗೇ ಇಲ್ಲ. ಬಂಧನ್ ತನ್ನದು ಗುಂಪಿನಲ್ಲಿ ಕೂರಿಸಿ ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಕೊಡುವ ಸಾಲ ಎನ್ನುತ್ತದೆ. ಬೇರೆ ಹಲವು ಸಂಸ್ಥೆಗಳಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದವರು ತುಂಬಿಕೊಡಬೇಕು. ಕಾಗದದಲ್ಲಿ ಏನೇ ಇರಲಿ, ಜಗಲಿಯ ಮೇಲೆ ಅಡವಿಟ್ಟಿರುವುದು ಮರ್ಯಾದೆಯನ್ನೇ. ನಮ್ಮ ಕಡೆ ಮನೆಗಳು ದೂರ ದೂರ, ಆದರೆ ಮಾತು ಬೇಗ ಹಬ್ಬುತ್ತದೆ. ಇಲ್ಲಿ ಮರ್ಯಾದೆಗೆ ಬೆಲೆ ಇನ್ನೂ ಜಾಸ್ತಿ.

ಎಲ್ಲರಿಗೂ ಒಟ್ಟಿಗೆ ಕಷ್ಟ ಬಂದರೆ

ಈ ಪದ್ಧತಿ ಒಬ್ಬಳ ಕಷ್ಟವನ್ನು ಚೆನ್ನಾಗಿ ತಡೆಯುತ್ತದೆ. ಮಗುವಿಗೆ ಜ್ವರ, ಗಂಡನಿಗೆ ಕೆಲಸವಿಲ್ಲ ಎಂದರೆ ಈ ವಾರ ಅಕ್ಕಪಕ್ಕದವರು ಸಹಾಯ ಮಾಡಿಕೊಳ್ಳುತ್ತಾರೆ. ಇಡೀ ಊರಿಗೇ ಒಟ್ಟಿಗೆ ಕಷ್ಟ ಬಂದರೆ? ಆಗ ಸಹಾಯ ಮಾಡುವವರು ಯಾರೂ ಉಳಿದಿರುವುದಿಲ್ಲ.

2010ರಲ್ಲಿ ಆಂಧ್ರಪ್ರದೇಶದಲ್ಲಿ ಹೀಗಾಯಿತು. ಒಂದೇ ಮನೆಗೆ ನಾಲ್ಕಾರು ಸಂಸ್ಥೆಗಳು ಸಾಲ ಸುರಿದವು, ಆತ್ಮಹತ್ಯೆಗಳಾದವು. ಅಕ್ಟೋಬರ್‌ನಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು, ಮರುಪಾವತಿಯೇ ನಿಂತುಹೋಯಿತು. ಅಲ್ಲಿದ್ದ ದೊಡ್ಡ ಸಂಸ್ಥೆಗಳು ಮಕಾಡೆ ಮಲಗಿದವು. ಬಂಧನ್ ಪೂರ್ವದ ರಾಜ್ಯಗಳಲ್ಲಿ ಇದ್ದದ್ದರಿಂದ ಪಾರಾಯಿತು. ಹತ್ತು ವರ್ಷ ಕಳೆದ ಮೇಲೆ, ಪೂರ್ವದಲ್ಲೇ ಬೇರು ಬಿಟ್ಟದ್ದು ಅದಕ್ಕೆ ಮುಳುವಾಯಿತು. 2020ರ ಮೇನಲ್ಲಿ ಬಂಗಾಳಕ್ಕೆ ಅಂಫಾನ್ ಚಂಡಮಾರುತ ಬಡಿಯಿತು. ಅದರ ಜೊತೆಗೆ ಕೊರೊನಾ. ಅಸ್ಸಾಂನಲ್ಲಿ ಸಾಲ ಮನ್ನಾದ ಕೂಗು ಎದ್ದು, ವರ್ಷದ ಕೊನೆಗೆ ಕಿರುಸಾಲದ ಮೇಲೆ ಕಾನೂನೂ ಬಂತು. 2021ರ ಸೆಪ್ಟೆಂಬರ್ ಹೊತ್ತಿಗೆ ಬಂಧನ್ ಬ್ಯಾಂಕ್ ಕೊಟ್ಟ ಸಾಲದಲ್ಲಿ ನೂರಕ್ಕೆ 10.8ರಷ್ಟು ವಸೂಲಾಗದೆ ನಿಂತಿತ್ತು. ಆ ಮೂರೇ ತಿಂಗಳಿನಲ್ಲಿ ಬ್ಯಾಂಕ್ ತೋರಿಸಿದ ನಷ್ಟ 3,000 ಕೋಟಿ ರೂಪಾಯಿಗೂ ಹೆಚ್ಚು. ಯಾವ ಹೆಂಗಸರು ಹಿಂದಿನ ಇಪ್ಪತ್ತು ವರ್ಷ ಕಂತು ತಪ್ಪಿಸಿರಲಿಲ್ಲವೋ ಅವರೇ ಈಗ ಕಟ್ಟಲಿಲ್ಲ. ಅವರ ನಿಯತ್ತು ಕೆಟ್ಟಿರಲಿಲ್ಲ. ದುಡ್ಡೇ ಇರಲಿಲ್ಲ.

ಘೋಷ್ ಅವರಿಗೆ ಈ ಅಪಾಯ ಗೊತ್ತಿರಲಿಲ್ಲ ಎನ್ನಲಾಗದು. 2019ರಲ್ಲಿ ಗೃಹಸಾಲ ಕೊಡುವ ಗ್ರುಹ್ ಫೈನಾನ್ಸ್ ಅನ್ನು ಬಂಧನ್‌ಗೆ ಸೇರಿಸಿಕೊಂಡರು. ಅದಕ್ಕೆ ಎರಡು ಕಾರಣ. ಪ್ರವರ್ತಕರ, ಅಂದರೆ ಬ್ಯಾಂಕ್ ಕಟ್ಟಿದವರ, ಷೇರಿನ ಪಾಲನ್ನು ನೂರಕ್ಕೆ 40ಕ್ಕೆ ಇಳಿಸಿಲ್ಲ ಎಂದು ರಿಸರ್ವ್ ಬ್ಯಾಂಕ್ 2018ರ ಸೆಪ್ಟೆಂಬರ್‌ನಲ್ಲಿ ಬಿಸಿ ಮುಟ್ಟಿಸಿತ್ತು. ಕೇಳದೆ ಹೊಸ ಶಾಖೆ ತೆರೆಯುವಂತಿಲ್ಲ, ಘೋಷ್ ಅವರ ಸಂಬಳ ಏರಿಸುವಂತಿಲ್ಲ ಎಂದಿತ್ತು. ಗ್ರುಹ್ ಸೇರಿದರೆ ಆ ಪಾಲು ಇಳಿಯುತ್ತಿತ್ತು. ಜೊತೆಗೆ ಅಡವಿರುವ ಸಾಲವೂ ಬ್ಯಾಂಕಿನ ಲೆಕ್ಕಕ್ಕೆ ಬರುತ್ತಿತ್ತು. ಯೋಚನೆ ಸರಿಯೇ. ಆದರೆ ತಡವಾಗಿತ್ತು. 2024ರ ಜುಲೈನಲ್ಲಿ ಅವರು ಬ್ಯಾಂಕಿನ ಚುಕ್ಕಾಣಿ ಬಿಟ್ಟು ನಿವೃತ್ತರಾದರು.

ನನಗೆ ಈ ಬದುಕಿನಲ್ಲಿ ಎದ್ದು ಕಾಣುವುದು ಇದು. ಬಡವರು ಸಾಲ ತೀರಿಸುತ್ತಾರೆ ಎಂದು ಘೋಷ್ ತೋರಿಸಿಕೊಟ್ಟರು. ಇದು ಸಣ್ಣ ಸಾಧನೆ ಅಲ್ಲವೇ ಅಲ್ಲ. ಆದರೆ ಎಲ್ಲರ ಆದಾಯವೂ ಒಟ್ಟಿಗೆ ನಿಂತಾಗ ಕಂತು ಏನಾಗಬೇಕು ಎಂಬುದಕ್ಕೆ ಅವರ ಪದ್ಧತಿಯಲ್ಲಿ ಉತ್ತರ ಸಿಗಲಿಲ್ಲ. ಬಂಗಾಳದಲ್ಲಿ ಅಂಥದ್ದು ಯಾವಾಗಲೋ ಒಮ್ಮೆ, ಚಂಡಮಾರುತ ಬಂದಾಗ ಬರುತ್ತದೆ. ಮಲೆನಾಡಿನಲ್ಲಿ ಪ್ರತಿ ವರ್ಷ ಬರುತ್ತದೆ. ಅದಕ್ಕೆ ನಾವು ಮಳೆಗಾಲ ಎನ್ನುತ್ತೇವೆ.

ಅದೇ ಅಡಿಕೆ, ಎರಡು ಸಾಲ

ವಾರದ ಕಂತು ಹುಟ್ಟಿದ್ದು ದಿನದ ವ್ಯಾಪಾರ ಇರುವ ಕಡೆ. ತರಕಾರಿ, ಮೀನು, ಮಂಡಕ್ಕಿ ಮಾರುವವರ ಕೈಗೆ ಸಂಜೆ ದುಡ್ಡು ಬರುತ್ತದೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹೂ ಮಾರುವವರಿಗೆ ಅಂಥ ಕಂತು ಒಗ್ಗೀತು. ತೀರ್ಥಹಳ್ಳಿ, ಹೊಸನಗರ, ಸಾಗರದ ಒಳಗಿನ ಊರುಗಳಲ್ಲಿ ದುಡ್ಡು ಬರುವ ರೀತಿಯೇ ಬೇರೆ. ದೀಪಾವಳಿಯ ಹೊತ್ತಿಗೆ ಅಡಿಕೆ ಕೊನೆಯ (ಗೊನೆಯ) ಕೊಯ್ಲು ಶುರುವಾದರೆ ನಾಲ್ಕು ತಿಂಗಳು ಅಡಿಕೆ ಸುಲಿಯುವ ಕೆಲಸ. ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿಯ ಮುಂದೆ ಕೂರುತ್ತಾರೆ. ಕೂಲಿ ಅಳತೆ ಲೆಕ್ಕದಲ್ಲಿ, ಎಷ್ಟು ಸುಲಿದರೆ ಅಷ್ಟು. ಫೆಬ್ರವರಿ ಕಳೆದ ಮೇಲೆ ದರಗು (ಒಣಗಿದೆಲೆ), ಸೊಪ್ಪು, ಅಲ್ಲಿ ಇಲ್ಲಿ ತೋಟದ ಕೆಲಸ. ಜುಲೈ-ಆಗಸ್ಟ್‌ನಲ್ಲಿ ನಾಟಿ. ಅದು ಬಿಟ್ಟರೆ ಮಳೆಗಾಲದಲ್ಲಿ ಹೆಂಗಸರಿಗೆ ಕೆಲಸ ಕಡಿಮೆ. ಔಷಧಿ ಹೊಡೆಯುವುದು, ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವುದು ಗಂಡಸರ ಕೆಲಸ. ಜೂನ್‌ನಲ್ಲೇ ಮಕ್ಕಳ ಶಾಲೆ ಖರ್ಚು. ಕಂತು ಮಾತ್ರ ಮಳೆ ನೋಡುವುದಿಲ್ಲ, ಪ್ರತಿ ವಾರ ಬರುತ್ತದೆ.

ಈಗ ಸುಲಿಯುವ ಯಂತ್ರಗಳೂ ಬಂದಿವೆ. ತೋಟದವರಿಗೆ ಅನುಕೂಲವೇ, ತಪ್ಪೆನ್ನಲು ಬರುವುದಿಲ್ಲ. ಆದರೆ ಸುಗ್ಗಿಯ ನಾಲ್ಕು ತಿಂಗಳ ಸಂಪಾದನೆಯೂ ಅಷ್ಟರಮಟ್ಟಿಗೆ ತೆಳ್ಳಗಾಯಿತು. ಮೇಲಿಂದ ಕೊಳೆ ರೋಗ, ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗ. ಫಸಲು ಕಡಿಮೆ ಆದರೆ ಸುಲಿಯೋಕೆ ಅಡಿಕೆಯೂ ಕಡಿಮೆ. ಬೆಳೆ ಹೋದರೆ ತೋಟದವರ ಬಗ್ಗೆ ಸುದ್ದಿ ಬರುತ್ತದೆ, ಪರಿಹಾರದ ಮಾತು ಬರುತ್ತದೆ. ಅದೇ ತೋಟದ ಕೂಲಿ ಹೋದವರ ಲೆಕ್ಕ ಯಾರೂ ಬರೆದಿಡುವುದಿಲ್ಲ.

ಮಾಡಿದ ಸಾಲ ಏನಾಗುತ್ತದೆ? ಹಳೆ ಕಂತು ಕಟ್ಟಲು ಹೊಸ ಸಾಲ. ಒಂದು ಸಂಸ್ಥೆಯಿಂದ ತಂದು ಇನ್ನೊಂದಕ್ಕೆ ಕೊಡುವುದು. ಹಸು ಕೊಳ್ಳಲು ಎಂದು ಬರೆಸಿದ ಸಾಲ ಹಿಂದಿನ ವರ್ಷದ ಮಳೆಗಾಲವನ್ನು ತೀರಿಸಲು ಖರ್ಚಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಅದು ದುಂದುಗಾರಿಕೆ ಅನ್ನಿಸಬಹುದು. ಹತ್ತಿರದಿಂದ ನೋಡಿದರೆ, ನಾಲ್ಕು ತಿಂಗಳ ದುಡಿಮೆಯನ್ನು ಹನ್ನೆರಡು ತಿಂಗಳಿಗೆ ಹಂಚಲು ಅವರಿಗೆ ಸಿಗುವ ದಾರಿ ಇದೊಂದೇ.

ಪಕ್ಕದಲ್ಲೇ ಇರುವ ಇನ್ನೊಂದು ಸಾಲ ನೋಡಿ. ಪಹಣಿ ಇರುವ ತೋಟದವರು ಊರಿನ ಸೊಸೈಟಿಗೆ ಹೋಗುತ್ತಾರೆ. ಬೆಳೆ ಸಾಲ ಸಿಗುತ್ತದೆ. ಬಡ್ಡಿ ಸೊನ್ನೆ, ಉಳಿದದ್ದನ್ನು ಸರ್ಕಾರ ಭರಿಸುತ್ತದೆ. 2023ರ ಬಜೆಟ್‌ನಲ್ಲಿ ಇದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ವರ್ಷಕ್ಕೊಮ್ಮೆ, ಅಡಿಕೆ ಮಾರಿದ ಮೇಲೆ ಕಟ್ಟಿದರೆ ಸಾಕು. ಶಿವಮೊಗ್ಗದ ಮ್ಯಾಮ್ಕೋಸ್ 1939ರಿಂದಲೂ ಅಡಿಕೆ ಬೆಳೆಗಾರರಿಗೆ ಮಾರಾಟದ ಬೆನ್ನಿಗೆ ನಿಂತಿದೆ. ಬೆಳೆಗಾರರ ವರ್ಷ ಹೇಗೆ ಸಾಗುತ್ತದೆ ಎಂದು ನಮ್ಮ ಸಹಕಾರಿಗಳಿಗೆ ಚೆನ್ನಾಗಿ ಗೊತ್ತು. ಸಾಲವನ್ನೂ ಆ ವರ್ಷಕ್ಕೆ ತಕ್ಕ ಹಾಗೆ ಹೊಲಿದಿದ್ದಾರೆ. ಇದು ನಾವು ಹೆಮ್ಮೆಪಡಬೇಕಾದ ವ್ಯವಸ್ಥೆ.

ಆದರೆ ಅದೇ ಅಡಿಕೆಯನ್ನು ಸುಲಿಯುವವಳಿಗೆ ಪಹಣಿ ಇಲ್ಲ. ಬಗರ್ ಹುಕುಂ ಜಮೀನಿನ ಹಕ್ಕುಪತ್ರಕ್ಕೆ ಅರ್ಜಿ ಹಾಕಿ ಕಾಯುತ್ತಿರುವ ಮನೆ ಇರಬಹುದು. ಶರಾವತಿಯಲ್ಲಿ ಮುಳುಗಿದ ಊರಿನಿಂದ ಎದ್ದು ಬಂದು, ಇನ್ನೂ ಕಾಗದ ಸಿಗದ ಮನೆಯೂ ಇರಬಹುದು. ಕಾಗದ ಇಲ್ಲದವರಿಗೆ ಸೊಸೈಟಿ ಬಾಗಿಲು ಮುಚ್ಚಿದೆ. ಜಗಲಿಗೇ ಬರುವ ಬೈಕಿನ ಹುಡುಗ ಮಾತ್ರ ಕಾಗದ ಕೇಳುವುದಿಲ್ಲ, ಆಧಾರ್ ಸಾಕು ಎನ್ನುತ್ತಾನೆ. ಒಂದೇ ತೋಟ, ಒಂದೇ ಮಳೆ. ತೋಟದವರಿಗೆ ಸೊನ್ನೆ ಬಡ್ಡಿ, ವರ್ಷಕ್ಕೊಂದು ಕಂತು. ಸುಲಿಯುವವಳಿಗೆ ನೂರಕ್ಕೆ 24, ವಾರಕ್ಕೊಂದು ಕಂತು. ಯಾರ ಆದಾಯ ಚಿಕ್ಕದೋ, ಯಾವಾಗ ನಿಲ್ಲುತ್ತದೋ ಗೊತ್ತಿಲ್ಲವೋ ಅವರಿಗೇ ಬಿಗಿಯಾದ ಕಂತು. ತೋಟದವರ ಸಾಲವನ್ನು ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಈ ಅನ್ಯಾಯ ನಮ್ಮ ಕಣ್ಣೆದುರೇ ಇದೆ, ನಾವು ನೋಡುತ್ತಿಲ್ಲ.

ಉಳಿತಾಯ ಮೊದಲೋ, ಸಾಲ ಮೊದಲೋ

ಘಟ್ಟದ ಕೆಳಗೆ ಇದೇ ಸಮಸ್ಯೆಗೆ ಬೇರೆ ದಾರಿ ಹುಡುಕಿದವರಿದ್ದರು. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಠೇವಣಿ ಶುರು ಮಾಡಿತು. ಆಗ ಅದರ ಹೆಸರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಮಣಿಪಾಲದ ಟಿ.ಎಂ.ಎ. ಪೈ ಅವರು ಅದರ ಹಿಂದಿದ್ದರು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಮನೆ ಬಾಗಿಲಿಗೆ ಬಂದು ಒಯ್ಯುತ್ತಿದ್ದ. ಅಂದರೆ ಬೈಕಿನ ಹುಡುಗನ ಕೆಲಸ ನಮ್ಮ ಕರಾವಳಿಗೆ ಹೊಸದಲ್ಲ. ಆದರೆ ಆಗ ಅವನು ಬರುತ್ತಿದ್ದದ್ದು ಉಳಿತಾಯ ಒಯ್ಯಲು. ಇವತ್ತಿಗೂ ಶಿವಮೊಗ್ಗ, ಸಾಗರದ ಪೇಟೆಗಳಲ್ಲಿ ಸಂಜೆಯಾದರೆ ಪಿಗ್ಮಿಯವರು ಅಂಗಡಿ ಅಂಗಡಿ ಸುತ್ತುತ್ತಾರೆ.

ಕೂಡಿಟ್ಟ ದುಡ್ಡಿದ್ದರೆ ಕೆಲಸವಿಲ್ಲದ ವಾರ ಅದನ್ನು ತೆಗೆಯಬಹುದು. ಬಂಧನ್‌ನ ಹೆಂಗಸರಿಗೆ 2001ರಿಂದ 2015ರವರೆಗೆ ಈ ಅವಕಾಶವೇ ಇರಲಿಲ್ಲ. ಠೇವಣಿ ಪಡೆಯಲು ಕಾನೂನು ಬಿಡುತ್ತಿರಲಿಲ್ಲ. ಅದು ಘೋಷ್ ಅವರ ತಪ್ಪಲ್ಲ. ಬ್ಯಾಂಕ್ ಆಗಲೇಬೇಕು ಎಂದು ಅವರು ಹಟ ಹಿಡಿದದ್ದಕ್ಕೆ ಇದೂ ಒಂದು ಕಾರಣ. ಇಂದು ನಮ್ಮ ಊರುಗಳಿಗೆ ಬರುವ ಬಹಳಷ್ಟು ಸಾಲ ಸಂಸ್ಥೆಗಳಿಗೂ ಠೇವಣಿ ಪಡೆಯುವ ಹಕ್ಕಿಲ್ಲ. ಅವರು ಕೊಡುವುದು ಸಾಲ ಒಂದೇ. ಮಳೆಗಾಲಕ್ಕೆ ಕೂಡಿಡು ಎಂದು ಹೇಳುವವರು ಆ ಜಗಲಿಗೆ ಯಾರೂ ಬರುವುದಿಲ್ಲ.

ಕಾನೂನು ಮುಟ್ಟದ ಜಾಗ

ಮೊದಲು ಹೇಳಿದ 2025ರ ಕಾನೂನು ಬೇಕೇ ಇತ್ತು. ಮನೆ ಮುಂದೆ ಕೂತು ಬೈಯುವುದು, ರಾತ್ರಿ ಬಂದು ಬಾಗಿಲು ಬಡಿಯುವುದು ಅಪರಾಧವೇ ಆಗಬೇಕು. ನೋಂದಣಿ ಇಲ್ಲದವರು ದುರ್ಬಲರಿಗೆ ಕೊಟ್ಟ ಸಾಲ ತೀರಿದಂತೆ ಎಂದು ಅದು ಹೇಳುತ್ತದೆ. ರಿಸರ್ವ್ ಬ್ಯಾಂಕಿನ 2022ರ ನಿಯಮಗಳೂ ಕಡಿಮೆಯೇನಿಲ್ಲ. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ ಅಡವಿಲ್ಲದೆ ಕೊಟ್ಟದ್ದೆಲ್ಲ ಕಿರುಸಾಲ. ಮನೆಯ ಎಲ್ಲ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧ ದಾಟುವಂತಿಲ್ಲ. ಬೆಳಗ್ಗೆ 9ರ ಮೊದಲು, ಸಂಜೆ 6ರ ಮೇಲೆ ಫೋನ್ ಮಾಡುವಂತಿಲ್ಲ. ಇಬ್ಬರೂ ಒಪ್ಪಿದ ಜಾಗದಲ್ಲೇ ವಸೂಲಿ. ಅಲ್ಲಿಗೆ ಎರಡು ಸಲ ಸತತ ಬರದಿದ್ದರೆ ಮಾತ್ರ ಮನೆಗೆ ಹೋಗಬಹುದು. ಸಾಲದ ಕಾರ್ಡ್ ಸಾಲ ಪಡೆದವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಬೇಗ ತೀರಿಸಿದರೆ ದಂಡ ಹಾಕುವಂತಿಲ್ಲ. ಇದನ್ನೆಲ್ಲ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ದೊಡ್ಡಕ್ಷರದಲ್ಲಿ ಬರೆಸಿದರೆ ಅರ್ಧ ಕಾಟ ತಪ್ಪುತ್ತದೆ ಎಂದು ನನಗೆ ಅನ್ನಿಸುತ್ತದೆ. 2025ರ ಏಪ್ರಿಲ್‌ನಿಂದ ಕಿರುಸಾಲ ಸಂಸ್ಥೆಗಳ ಒಕ್ಕೂಟವೂ ಒಬ್ಬರಿಗೆ ಮೂರಕ್ಕಿಂತ ಹೆಚ್ಚು ಸಂಸ್ಥೆಗಳು ಸಾಲ ಕೊಡಬಾರದು, ಒಟ್ಟು 2 ಲಕ್ಷ ದಾಟಬಾರದು ಎಂದು ತನ್ನ ಸದಸ್ಯರಿಗೆ ಕಟ್ಟು ಹಾಕಿದೆ.

ಆದಾಯದ ಅರ್ಧ ಎನ್ನುವಾಗ ಯಾವ ತಿಂಗಳ ಆದಾಯ? ಡಿಸೆಂಬರಿನದೋ, ಆಗಸ್ಟಿನದೋ? ವರ್ಷದ ಒಟ್ಟು ಆದಾಯವನ್ನು ಹನ್ನೆರಡರಿಂದ ಭಾಗಿಸಿದರೆ ಕಾಗದದಲ್ಲಿ ಎಲ್ಲವೂ ಸರಿ ಕಾಣುತ್ತದೆ. ಆಗಸ್ಟಿನಲ್ಲಿ ಕೈ ಬರಿದಾಗಿರುವುದು ಆ ಭಾಗಾಕಾರದಲ್ಲಿ ಎಲ್ಲೂ ಕಾಣುವುದಿಲ್ಲ. ಕಾಟ ಹುಟ್ಟುವುದೇ ಅಲ್ಲಿ. ಬೈಕಿನ ಹುಡುಗನೂ ನಮ್ಮದೇ ಊರಿನವನು, ಹೆಚ್ಚಾಗಿ ಪಿಯುಸಿ, ಡಿಗ್ರಿ ಮುಗಿಸಿದವನು. ವಸೂಲಾಗದಿದ್ದರೆ ಮೇಲಿನವರು ಅವನನ್ನು ಹಿಡಿಯುತ್ತಾರೆ. ಅವನನ್ನು ಜೈಲಿಗೆ ಹಾಕಿದರೆ ಮುಂದಿನ ವಾರ ಇನ್ನೊಬ್ಬ ಬರುತ್ತಾನೆ, ಅದೇ ಕಂತು ಕೇಳುತ್ತಾನೆ.

ಕೆಲಸ ಆಗಬೇಕಾದ್ದು ಎರಡು ಕಡೆ. ಕಿರುಸಾಲ ಸಂಸ್ಥೆಗಳು ಮಲೆನಾಡಿಗೆ ಬೇರೆ ಕಂತಿನ ಪಟ್ಟಿ ಮಾಡಲಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ದೊಡ್ಡ ಕಂತು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಡ್ಡಿ ಮಾತ್ರ. ಲೆಕ್ಕದ ದೃಷ್ಟಿಯಿಂದ ಇದರಲ್ಲಿ ಯಾವ ಕಷ್ಟವೂ ಇಲ್ಲ, ಒಟ್ಟು ಬಡ್ಡಿ ಸ್ವಲ್ಪ ಜಾಸ್ತಿ ಬೀಳಬಹುದು ಅಷ್ಟೆ. ವಾರಕ್ಕೊಮ್ಮೆ ಜಗಲಿಗೆ ಬಂದು ಹೋಗದಿದ್ದರೆ ಶಿಸ್ತು ತಪ್ಪುತ್ತದೆ ಎಂಬುದು ಆ ಸಂಸ್ಥೆಗಳ ಭಯ. ಸೊಸೈಟಿಗೆ ವರ್ಷಕ್ಕೊಮ್ಮೆ ಕಟ್ಟುವ ಬೆಳೆಗಾರರು ಶಿಸ್ತು ತಪ್ಪಿದ್ದಾರೆಯೇ? ಬಹಳ ಜನ ಸರಿಯಾಗಿ ಕಟ್ಟುತ್ತಾರೆ. ಮುಂದಿನ ವರ್ಷ ಮತ್ತೆ ಸೊನ್ನೆ ಬಡ್ಡಿಯ ಸಾಲ ಬೇಕು ಎಂಬುದೇ ಅವರಿಗೆ ಸಾಕಾದ ಕಾರಣ.

ಇನ್ನೊಂದು ಕೆಲಸ ನಮ್ಮ ಸಹಕಾರಿ ಸಂಘಗಳದ್ದು. ಜಮೀನಿನ ಕಾಗದ ಇಲ್ಲದವರ ಗುಂಪಿಗೆ ಜಂಟಿ ಹೊಣೆಯ ಮೇಲೆ ಸಾಲ ಕೊಡುವ ಪದ್ಧತಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್‌ನ ಪುಸ್ತಕದಲ್ಲಿ ಬಹಳ ವರ್ಷದಿಂದ ಇದೆ. ಊರಿನ ಸೊಸೈಟಿಯ ಕಾರ್ಯದರ್ಶಿಗೆ ಯಾರ ತೋಟದಲ್ಲಿ ಯಾರು ಸುಲಿಯುತ್ತಾರೆ, ಯಾರ ನಾಲಿಗೆ ಗಟ್ಟಿ ಎಂದು ಕೋಲ್ಕತ್ತಾದಲ್ಲೋ ಬೆಂಗಳೂರಿನಲ್ಲೋ ಕೂತವರಿಗಿಂತ ಚೆನ್ನಾಗಿ ಗೊತ್ತು. ಸುಲಿಯುವ ಹೆಂಗಸರ ಒಂದು ಗುಂಪಿಗೆ 50,000ದಂತೆ ಕೊಟ್ಟು, ನೂರಕ್ಕೆ 12 ಬಡ್ಡಿ ಹಾಕಿ, ಸುಗ್ಗಿಯಲ್ಲಿ ಕಂತು ತೆಗೆದುಕೊಂಡು, ಅದರ ಜೊತೆಗೇ ಪಿಗ್ಮಿಯ ಹಾಗೆ ವಾರಕ್ಕೆ ಐವತ್ತೋ ನೂರೋ ಕೂಡಿಡಿಸಿದರೆ ಸೊಸೈಟಿ ಮುಳುಗುವುದಿಲ್ಲ. ಪಹಣಿ ಇಲ್ಲದವರನ್ನು ಸದಸ್ಯರಾಗಿ ಒಳಗೆ ಬಿಟ್ಟುಕೊಳ್ಳುವ ಮನಸ್ಸು ಆಡಳಿತ ಮಂಡಳಿಗೆ ಬರಬೇಕು. ಮಂಡಳಿಯಲ್ಲಿ ಕೂತವರು ಬಹುಪಾಲು ತೋಟದವರೇ. ಸೊಸೈಟಿಗಳ ವಾರ್ಷಿಕ ಮಹಾಸಭೆ ನಡೆಯುವುದು ಸೆಪ್ಟೆಂಬರಿನ ಸುಮಾರಿಗೆ, ಅಂದರೆ ಕಂತಿನ ಕಷ್ಟ ಜಾಸ್ತಿ ಇರುವ ತಿಂಗಳಲ್ಲೇ. ಈ ಸಲದ ಸಭೆಯಲ್ಲಿ ಸದಸ್ಯರಾದ ನಾವೇ ಎದ್ದು ನಿಂತು ಇದನ್ನು ನಿರ್ಣಯವಾಗಿ ಮಂಡಿಸಬಹುದು.